ಸೂಕ್ಷ್ಮದರ್ಶಕಕ್ಕೊಂದು ಕತ್ತಲೆಯ ಮನೆ

ನೋಡುವುದಕ್ಕೆ ಬೆಳಕು ಬೇಕೆಂಬುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ನೋಡುವುದಕ್ಕೆ ಕತ್ತಲೆಯೂ ಬೇಕೆಂದರೆ ಮಾತ್ರ ಒಮ್ಮೆಲೇ ಒಪ್ಪುವವರು ಕಡಿಮೆ. ನಮ್ಮ ಬೀದರ ಜಿಲ್ಲೆಯವರಿಗೆ ಇದನ್ನು ತಿಳಿಸಿಕೊಡಲು ಬಹಳ ದೂರ ಹೋಗಬೇಕಾಗಿಲ್ಲ. ಒಂದು ಬಿದರಿ ಪಾತ್ರೆಯನ್ನು ತೋರಿಸಿದರೆ ಸಾಕು. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿದ ಲೋಹವನ್ನು ಎರಕ ಹೊಯ್ದು, ಅದರ ಮೈಮೇಲೆ ಚಿತ್ತಾರ ಕೊರೆದು, ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸುತ್ತಾರೆ. ಉಜ್ಜಿ ನಯಗೊಳಿಸಿದ ಆ ಘಟ್ಟದಲ್ಲಿ ಬೆಳ್ಳಿ ಯಾವುದು, ಸತು ಯಾವುದು ಎಂದು ಗುರುತಿಸುವುದೇ ಕಷ್ಟ. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಸವರಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆಗ ಬಳ್ಳಿಯೂ ಹೂವೂ ಎದ್ದು ಕಾಣುತ್ತವೆ. ಬೆಳ್ಳಿಗೆ ಹೊಸ ಹೊಳಪೇನೂ ಬರಲಿಲ್ಲ. ಅದರ ಸುತ್ತಲಿನ ಬಿಳುಪು ಹೋಯಿತು, ಅಷ್ಟೆ.

ಇದೇ ನಿಯಮವನ್ನು ಪ್ರಯೋಗಶಾಲೆಯ ಸೂಕ್ಷ್ಮದರ್ಶಕಕ್ಕೆ ಹೇಗೆ ಅನ್ವಯಿಸಬಹುದು, ಹೊರಗಿನ ಬೆಳಕನ್ನು ತಡೆಯುವ ಪೆಟ್ಟಿಗೆಯೊಂದನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಕಟ್ಟಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಈ ವಿಷಯದ ಒಂದು ಬೇರು ಸಮಾಜಶಾಸ್ತ್ರದಲ್ಲಿಯೇ ಇದೆ. ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸುವುದು ಯೋಗ್ಯ.

ತುಮಕೂರಿನ ಪಾಠ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೫೯ರಲ್ಲಿ ಸ್ಥಾಪಿತವಾಯಿತು; ೧೯೬೦ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಆ ಸಂಸ್ಥೆಯ ಸಮಾಜವಿಜ್ಞಾನಿ ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನವು ೧೯೬೩ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಲ್ಲಿಯವರೆಗೆ ಬಲ್ಲವರ ಸಾಮಾನ್ಯ ನಂಬಿಕೆಯಾಗಿತ್ತು. ಅಧ್ಯಯನವು ಕಂಡದ್ದು ಬೇರೆ. ಕ್ಷಯರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ದೊರೆತದ್ದು ಬಹುತೇಕ ಕೆಮ್ಮಿನ ಔಷಧದ ಬಾಟಲಿ. ಅವರ ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಏರ್ಪಾಡು ಅಲ್ಲಿರಲಿಲ್ಲ.

ಈ ಅರಿವಿನಿಂದ ಒಂದು ಹೊಸ ದಾರಿ ತೆರೆಯಿತು. ರೋಗಿಯನ್ನು ಹುಡುಕಿಕೊಂಡು ಊರೂರು ಅಲೆಯುವುದಕ್ಕಿಂತ, ಕೆಮ್ಮುತ್ತ ಬಂದವನ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಪರೀಕ್ಷಿಸುವುದು ಮೇಲು ಎಂಬ ತತ್ವದ ಮೇಲೆ ೧೯೬೨ರಿಂದ ಜಿಲ್ಲಾ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡಿತು. ಅಂದಿನಿಂದ ನಮ್ಮ ನಾಡಿನಲ್ಲಿ ಸೂಕ್ಷ್ಮದರ್ಶಕವು ದೊಡ್ಡ ನಗರಗಳ ಸೊತ್ತಾಗಿ ಉಳಿಯದೆ ತಾಲ್ಲೂಕು, ಹೋಬಳಿಗಳವರೆಗೆ ಬಂದಿತು. ಕೆಮ್ಮುತ್ತ ಬಂದವನು ಆಸ್ಪತ್ರೆಯವರೆಗೆ ಬಂದಾಯಿತು. ಇನ್ನು ಉಳಿದದ್ದು ಅವನ ಗಾಜಿನ ಪಟ್ಟಿಯನ್ನು ಸರಿಯಾಗಿ ನೋಡುವ ಕೆಲಸ. ಆ ನೋಟ ತಪ್ಪಿದರೆ ಅವನು ಮತ್ತೆ ಕೆಮ್ಮಿನ ಔಷಧದೊಡನೆ ಮನೆಗೆ ಹೋಗುತ್ತಾನೆ, ಮನೆಯ ಮಕ್ಕಳೊಡನೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ.

ಎರಡು ಬಗೆಯ ನೋಟ

ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ವಿಷಯವನ್ನು ರಾಬರ್ಟ್ ಕಾಕ್‌ನು ೧೮೮೨ನೆಯ ಮಾರ್ಚ್ ೨೪ರಂದು ಬರ್ಲಿನ್‌ನಲ್ಲಿ ಸಾರಿದನು. ಆ ಕ್ರಿಮಿಯ ಉದ್ದ ಸುಮಾರು ೨ರಿಂದ ೪ ಮೈಕ್ರೋಮೀಟರ್. ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಎರಡರಿಂದ ನಾಲ್ಕು ಪಾಲು. ಇದನ್ನು ಕಾಣಲು ಬಹುಕಾಲದಿಂದ ರೂಢಿಯಲ್ಲಿರುವ ಜೀಲ್-ನೀಲ್ಸನ್ ಪದ್ಧತಿಯಲ್ಲಿ ಕ್ರಿಮಿ ಕೆಂಪಾಗಿ, ಹಿನ್ನೆಲೆ ನೀಲಿಯಾಗಿ ತೋರುತ್ತದೆ. ಈ ಪದ್ಧತಿಗೆ ಬೆಳಕು ಎಷ್ಟಿದ್ದರೂ ಬೇಕು. ಹಳೆಯ ಸೂಕ್ಷ್ಮದರ್ಶಕಗಳಲ್ಲಿ ಕೆಳಗೊಂದು ಕನ್ನಡಿಯಿದ್ದು, ಅವುಗಳನ್ನು ಕಿಟಕಿಯ ಬಳಿಯಲ್ಲಿಟ್ಟು ಆಕಾಶದ ಬೆಳಕಿನಿಂದಲೇ ಕೆಲಸ ನಡೆಸುತ್ತಿದ್ದರು. ಆದರೆ ಇಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಬೇಕು. ಅಷ್ಟು ಹಿಗ್ಗಿಸಿದಾಗ ಒಮ್ಮೆಗೆ ಕಾಣುವ ಜಾಗ ಬಹಳ ಕಿರಿದು. ಒಂದು ಪಟ್ಟಿಯಲ್ಲಿ ಕ್ರಿಮಿ ಇಲ್ಲವೆಂದು ಹೇಳಬೇಕಾದರೆ ಅಂಥ ನೂರು ಜಾಗಗಳನ್ನಾದರೂ ನೋಡತಕ್ಕದ್ದು.

ಎರಡನೆಯದು ಪ್ರತಿದೀಪ್ತಿಯ ಪದ್ಧತಿ. ಕೆಲವು ಪದಾರ್ಥಗಳು ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇಂಗ್ಲೆಂಡಿನ ಸ್ಟೋಕ್ಸ್‌ನು ಕತ್ತಲೆ ಮಾಡಿದ ಕೋಣೆಯೊಳಗೆ ಸಣ್ಣ ರಂಧ್ರದಿಂದ ಸೂರ್ಯನ ಬೆಳಕನ್ನು ಬಿಟ್ಟುಕೊಂಡು ಕ್ವಿನೈನ್ ದ್ರಾವಣದ ಮೇಲೆ ಪ್ರಯೋಗ ನಡೆಸಿ, ಇದರ ನಿಯಮವನ್ನು ೧೮೫೨ರಲ್ಲಿ ವಿವರಿಸಿದನು: ಹೊರಬರುವ ಬೆಳಕಿನ ಅಲೆ ಹೀರಿದ ಬೆಳಕಿನ ಅಲೆಗಿಂತ ಉದ್ದವಾಗಿರುತ್ತದೆ. ಆರಮಿನ್ ಎಂಬ ಬಣ್ಣವು ಕ್ಷಯದ ಕ್ರಿಮಿಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ನೀಲಿ ಬೆಳಕನ್ನು ಹಾಯಿಸಿ, ಮರಳಿ ಬರುವ ನೀಲಿಯನ್ನು ಹಳದಿ ಫಿಲ್ಟರಿನಿಂದ ತಡೆದರೆ, ಕಪ್ಪು ಹಿನ್ನೆಲೆಯಲ್ಲಿ ಹಸಿರು-ಹಳದಿ ಕಡ್ಡಿಗಳಂತೆ ಕ್ರಿಮಿಗಳು ಹೊಳೆಯುತ್ತವೆ. ಹೀಗೆ ಹೊಳೆಯುವುದರಿಂದ ನಾನೂರು ಪಟ್ಟು ಹಿಗ್ಗಿಸಿದರೆ ಸಾಕು. ಸಾವಿರಕ್ಕೂ ನಾನೂರಕ್ಕೂ ಇರುವ ಅನುಪಾತ ಎರಡೂವರೆ. ಆದ್ದರಿಂದ ಒಮ್ಮೆಗೆ ಕಾಣುವ ಜಾಗ ಎರಡೂವರೆಯ ವರ್ಗದಷ್ಟು, ಎಂದರೆ ಆರು ಪಟ್ಟಿಗೂ ಮಿಕ್ಕಿ ದೊಡ್ಡದಾಗುತ್ತದೆ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಜಾಗವನ್ನು ನೋಡಬಹುದು. ವಿರಳವಾಗಿರುವ ಕ್ರಿಮಿಗಳು ಕಣ್ತಪ್ಪುವುದು ಕಡಿಮೆಯಾಗುತ್ತದೆ.

ಮೊದಲು ಇದಕ್ಕೆ ಪಾದರಸದ ಆವಿಯ ದೀಪ ಬೇಕಾಗಿತ್ತು. ಅದು ದುಬಾರಿ; ಕೆಲವು ನೂರು ಗಂಟೆಗಳಲ್ಲಿ ಅದರ ಆಯುಷ್ಯ ತೀರುತ್ತಿತ್ತು; ಅದರೊಡನೆ ಕತ್ತಲೆಯ ಕೋಣೆಯೊಂದನ್ನೂ ಒದಗಿಸಬೇಕಿತ್ತು. ಎಲ್.ಇ.ಡಿ. ದೀಪಗಳು ಬಂದಮೇಲೆ ಈ ತೊಡಕು ಕಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಎಲ್.ಇ.ಡಿ. ಪ್ರತಿದೀಪ್ತಿ ಸೂಕ್ಷ್ಮದರ್ಶಕವನ್ನು ಕ್ಷಯ ಪರೀಕ್ಷೆಗೆ ಶಿಫಾರಸು ಮಾಡಿತು. ಇದಕ್ಕೆ ಪೂರ್ಣ ಕತ್ತಲೆಯ ಕೋಣೆ ಬೇಕಾಗಿಲ್ಲ. ಹಾಗೆಂದು ಕತ್ತಲೆಯೇ ಬೇಡವೆಂದು ಅರ್ಥವಲ್ಲ; ಕೋಣೆಯಷ್ಟು ಇರಬೇಕಾಗಿದ್ದ ಕತ್ತಲೆ ಈಗ ಒಂದು ಪೆಟ್ಟಿಗೆಯಷ್ಟಿದ್ದರೆ ಸಾಕಾಗಿದೆ. ನಮ್ಮ ಸೀಮೆಯ ಬೇಸಗೆಯಲ್ಲಿ, ಗಾಳಿಗಾಗಿ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ, ಹೊರಗಿನ ಬಿಸಿಲು ಸುಣ್ಣದ ಗೋಡೆಗೆ ಬಡಿದು ಒಳಗೆಲ್ಲ ಹರಡಿರುವಾಗ ಇಂಥ ಪೆಟ್ಟಿಗೆಯ ಉಪಯೋಗ ಹೆಚ್ಚು. ಕಫದ ಪರೀಕ್ಷೆ ನಡೆಯುವ ಕೋಣೆಯಲ್ಲಿ ಗಾಳಿ ಆಡಲೇಬೇಕು. ಕಿಟಕಿ ಮುಚ್ಚಿ ಕತ್ತಲೆ ಮಾಡಿದರೆ ಕೆಲಸ ಮಾಡುವವನಿಗೇ ಅಪಾಯ. ಪೆಟ್ಟಿಗೆಯಿದ್ದರೆ ಗಾಳಿಯನ್ನು ಬಿಟ್ಟುಕೊಂಡು ಬೆಳಕನ್ನಷ್ಟೇ ತಡೆಯಬಹುದು.

ಕತ್ತಲೆಯ ಲೆಕ್ಕ

ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಕ್ರಿಮಿಯಿಂದ ಕಣ್ಣಿಗೆ ಬರುವ ಬೆಳಕು ೧೦ ಮಾನ, ಅದರ ಹಿನ್ನೆಲೆಯಿಂದ ಬರುವುದು ೧ ಮಾನ ಎಂದಿಟ್ಟುಕೊಳ್ಳಿ. ಅನುಪಾತ ಹತ್ತಕ್ಕೆ ಒಂದು. ಕ್ರಿಮಿ ಸ್ಪಷ್ಟವಾಗಿ ಕಾಣುತ್ತದೆ. ಈಗ ಕೋಣೆಯಿಂದ ೪೦ ಮಾನದಷ್ಟು ಬೆಳಕು ಒಳಸೇರಿತು. ಕ್ರಿಮಿಯ ಜಾಗ ೫೦, ಹಿನ್ನೆಲೆ ೪೧. ವ್ಯತ್ಯಾಸ ಮೊದಲಿನಂತೆಯೇ ೯. ಅನುಪಾತ ಮಾತ್ರ ೧.೨ಕ್ಕೆ ಇಳಿಯಿತು. ಕಣ್ಣು ಗುರುತಿಸುವುದು ಮುಖ್ಯವಾಗಿ ಅನುಪಾತವನ್ನು. ಹಗಲು ಹೊತ್ತು ನಕ್ಷತ್ರಗಳು ಆಕಾಶದಲ್ಲಿದ್ದೂ ಕಾಣದಿರುವುದು ಇದೇ ಕಾರಣದಿಂದ.

ಇದಕ್ಕೆ ಕಣ್ಣಿನ ಸ್ವಭಾವವೂ ಸೇರುತ್ತದೆ. ಬಿಸಿಲಿನಿಂದ ಒಳಗೆ ಬಂದವನ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕಾಲ ಬೇಕು. ಬಣ್ಣವನ್ನರಿಯುವ ಕೋಶಗಳಿಗೆ ಸುಮಾರು ಹತ್ತು ನಿಮಿಷ, ಮಂದ ಬೆಳಕನ್ನರಿಯುವ ಕೋಶಗಳಿಗೆ ಅರ್ಧ ಗಂಟೆ ಅಥವಾ ಇನ್ನೂ ಹೆಚ್ಚು. ನೇತ್ರಕದಿಂದ ಕಣ್ಣೆತ್ತಿ ಒಮ್ಮೆ ಬಿಳಿಯ ಗೋಡೆಯನ್ನು ನೋಡಿದರೆ ಆ ಹೊಂದಾಣಿಕೆಯ ಬಹುಭಾಗ ಹಾಳಾಗುತ್ತದೆ. ಸರ್ ಸಿ. ವಿ. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಡನೆ ೧೯೨೮ರಲ್ಲಿ ಕಲಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದಾಗ ಬಳಸಿದ್ದು ಸೂರ್ಯನ ಬೆಳಕು, ಪರಸ್ಪರ ಪೂರಕವಾದ ಬಣ್ಣದ ಫಿಲ್ಟರುಗಳು ಮತ್ತು ಕತ್ತಲೆಗೆ ಒಗ್ಗಿದ ತಮ್ಮ ಕಣ್ಣುಗಳನ್ನೇ. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ತಂದುಕೊಟ್ಟ ಶೋಧದಲ್ಲಿ ಕತ್ತಲೆಯ ಪಾಲು ಇಷ್ಟಿತ್ತೆಂಬುದು ನೆನಪಿಡತಕ್ಕ ವಿಷಯ.

ಬೆಳಕು ನುಗ್ಗುವ ದಾರಿಗಳು

ಪೆಟ್ಟಿಗೆ ಕಟ್ಟುವ ಮೊದಲು ಬೆಳಕು ಎಲ್ಲೆಲ್ಲಿಂದ ಬರುತ್ತದೆಂಬುದನ್ನು ಅರಿಯಬೇಕು. ಒಂದನೆಯದು ನೇತ್ರಕ: ನೋಡುವವನ ಬೆನ್ನ ಹಿಂದಿನ ಕಿಟಕಿಯ ಬೆಳಕು ಅವನ ಕಿವಿಯ ಪಕ್ಕದಿಂದ ಹಾಯ್ದು ನೇತ್ರಕದ ಗಾಜಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಎರಡನೆಯದು ವಸ್ತುಕ ಮಸೂರಕ್ಕೂ ಗಾಜಿನ ಪಟ್ಟಿಗೂ ನಡುವಿನ ಸಂದು. ಮೂರನೆಯದು ಪಟ್ಟಿಯ ಕೆಳಗಿನ ತೆರಪು. ಹಳೆಯ ಕನ್ನಡಿಯಿದ್ದರೆ ಅದು ಆಕಾಶದ ಬೆಳಕನ್ನು ಮೇಲಕ್ಕೆ ಕಳುಹಿಸುತ್ತಲೇ ಇರುತ್ತದೆ. ನಾಲ್ಕನೆಯದು ಪೆಟ್ಟಿಗೆಯ ಒಳಮೈಯೇ. ಅದು ಬಿಳಿಯಾಗಿದ್ದರೆ ಒಳಹೊಕ್ಕ ಕಿರಣ ಸಾಯುವುದಿಲ್ಲ.

ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಹಿಂದಕ್ಕೆ ಕೊಡುತ್ತದೆ. ಹೊಳಪಿಲ್ಲದ ಕಪ್ಪು ಮೈ ನೂರರಲ್ಲಿ ಸುಮಾರು ಐದು ಪಾಲನ್ನು. ಮೂರು ಸಲ ಬಡಿದಮೇಲೆ ಬಿಳಿಯ ಪೆಟ್ಟಿಗೆಯಲ್ಲಿ ಅರ್ಧದಷ್ಟು ಬೆಳಕು ಇನ್ನೂ ಉಳಿದಿರುತ್ತದೆ. ಕಪ್ಪು ಪೆಟ್ಟಿಗೆಯಲ್ಲಿ ಎಂಟು ಸಾವಿರದಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಪೆಟ್ಟಿಗೆಯ ಗೋಡೆ ದಪ್ಪವಿರುವುದಕ್ಕಿಂತಲೂ ಒಳಮೈ ಕಪ್ಪಾಗಿರುವುದು, ಬೆಳಕಿನ ದಾರಿ ಡೊಂಕಾಗಿರುವುದು ಮುಖ್ಯ.

ಪೆಟ್ಟಿಗೆಯ ನಿರ್ಮಾಣ

ಮೊದಲು ಸೂಕ್ಷ್ಮದರ್ಶಕದ ಎತ್ತರ, ಅಗಲ, ಉದ್ದಗಳನ್ನು ಅಳೆದುಕೊಳ್ಳತಕ್ಕದ್ದು. ಸಾಮಾನ್ಯ ಉಪಕರಣವು ಸುಮಾರು ೪೦ ಸೆಂ.ಮೀ. ಎತ್ತರವಿರುತ್ತದೆ. ಅದಕ್ಕೆ ಒಳಗಿನ ಅಳತೆಯಲ್ಲಿ ೬೦ ಸೆಂ.ಮೀ. ಅಗಲ, ೪೫ ಸೆಂ.ಮೀ. ಆಳ, ೫೦ ಸೆಂ.ಮೀ. ಎತ್ತರದ ಪೆಟ್ಟಿಗೆ ಒಪ್ಪುತ್ತದೆ. ಅಗಲ ಹೆಚ್ಚಿರಬೇಕಾದದ್ದು ಕೈಗಳ ಸಲುವಾಗಿ. ಎರಡೂ ಬದಿಯ ತಿರುಪುಗಳನ್ನು ಆಡಿಸಲು ಮೊಣಕೈಗೆ ಎಡೆ ಬೇಕು. ತಳ ಬೇಡ. ಪೆಟ್ಟಿಗೆಯನ್ನು ಮೇಲಿನಿಂದ ಇಳಿಸಿ ಮೇಜಿನ ಮೇಲೆ ನಿಲ್ಲಿಸುವಂತಿರಲಿ, ಸೂಕ್ಷ್ಮದರ್ಶಕದ ಮೈಗೆ ಎಲ್ಲಿಯೂ ತಾಗದಿರಲಿ. ತಾಗಿದರೆ ಪೆಟ್ಟಿಗೆಗೆ ಕೈ ಬಡಿದಾಗಲೆಲ್ಲ ನೋಟ ಅಲುಗುತ್ತದೆ.

ಕಾಲೇಜಿನ ಉಪಯೋಗಕ್ಕೆ ದಪ್ಪ ರಟ್ಟು ಸಾಕು. ಆಸ್ಪತ್ರೆಗಾದರೆ ಪ್ಲೈವುಡ್ ಹಲಗೆ ಬೇಕು. ಏಕೆಂದರೆ ಅಲ್ಲಿ ಪ್ರತಿದಿನ ಕ್ರಿಮಿನಾಶಕದಿಂದ ಒರೆಸಬೇಕು. ರಟ್ಟು ಅದನ್ನು ತಾಳುವುದಿಲ್ಲ. ಹಳೆಯ ಕಾಲದ ಛಾಯಾಚಿತ್ರಗಾರನು ತಲೆಯ ಮೇಲೆ ಕರಿಯ ಅರಿವೆ ಹೊದ್ದು ಕ್ಯಾಮೆರಾದೊಳಗೆ ನೋಡುತ್ತಿದ್ದನಲ್ಲ, ಹಾಗೆಯೇ ಒಂದು ಅರಿವೆ ಹೊದ್ದುಕೊಂಡರಾಗದೇ ಎಂದು ಕೆಲವರು ಕೇಳಬಹುದು. ಹತ್ತು ನಿಮಿಷಕ್ಕಾದರೆ ಆದೀತು. ಆದರೆ ಸೆಕೆಯಲ್ಲಿ ಉಸಿರು ಕಟ್ಟುತ್ತದೆ, ಉಸಿರಿನ ಹಬೆ ಮಸೂರಕ್ಕೆ ಕೂಡುತ್ತದೆ. ಹಲವರು ಒಂದೇ ಅರಿವೆಯನ್ನು ಮುಖಕ್ಕೆ ಹೊದೆಯುವುದು ರೋಗ ಪರೀಕ್ಷೆಯ ಕೋಣೆಯಲ್ಲಿ ಸಲ್ಲದು. ಆದ್ದರಿಂದ ಉಪಕರಣ ಒಳಗೆ, ಮುಖ ಹೊರಗೆ ಇರುವ ಪೆಟ್ಟಿಗೆಯೇ ಮೇಲು.

ಮುಂದಿನ ಹಲಗೆಯಲ್ಲಿ ನೇತ್ರಕಗಳು ಹೊರಬರುವಷ್ಟು, ಸುಮಾರು ೧೬ ಸೆಂ.ಮೀ. ಅಗಲ, ೧೦ ಸೆಂ.ಮೀ. ಎತ್ತರದ ಕಂಡಿಯನ್ನು ಕೊರೆಯಿರಿ. ಅದರ ಮೇಲೆ ಎರಡು ಪದರದ ಕರಿಯ ಹತ್ತಿಯ ಅರಿವೆಯನ್ನು ಅಂಟಿಸಿ, ನೇತ್ರಕಗಳಿಗೆ ಎರಡು ಸೀಳು ಮಾಡಿ. ಎರಡು ಪದರಗಳ ಸೀಳುಗಳು ಒಂದರ ಮೇಲೊಂದು ನೇರವಾಗಿ ಬಾರದಿರಲಿ. ಎರಡೂ ಬದಿಗೆ ಕೈ ತೂರುವ ದುಂಡು ಕಂಡಿಗಳನ್ನು ಮಾಡಿ, ಹಳೆಯ ಕರಿಯ ಅಂಗಿಯ ತೋಳುಗಳನ್ನು ಹೊಲಿದು ತುದಿಯಲ್ಲಿ ಇಲಾಸ್ಟಿಕ್ ಹಾಕಿದರೆ ಬೆಳಕು ತೋಳಿನೊಡನೆ ಒಳಬರುವುದಿಲ್ಲ. ನೇತ್ರಕಗಳ ಮೇಲ್ಗಡೆ ಹಲಗೆಯಿಂದ ಒಂದು ಗೇಣು ಮುಂದಕ್ಕೆ ಚಾಚಿದ ಸೂರನ್ನೂ, ಎರಡು ಕಡೆ ಕಿವಿಯಂಥ ರೆಕ್ಕೆಗಳನ್ನೂ ಕೂಡಿಸಿದರೆ ಬೆನ್ನ ಹಿಂದಿನ ಕಿಟಕಿಯ ಉಪದ್ರವ ತಪ್ಪುತ್ತದೆ. ಬಿಸಿಲಲ್ಲಿ ದೂರ ನೋಡುವಾಗ ಹಣೆಗೆ ಕೈ ಮರೆ ಮಾಡುವ ಕ್ರಮವೇ ಇದು.

ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು. ಎಣ್ಣೆಯ ಹೊಳಪು ಬಣ್ಣವು ಕಪ್ಪಾಗಿ ಕಂಡರೂ ಕನ್ನಡಿಯಂತೆ ಮಿನುಗುತ್ತದೆ. ಪೇಟೆಯ ಬಣ್ಣ ಸಿಕ್ಕದಿದ್ದರೆ ಕಂದೀಲಿನ ಕಾಡಿಗೆಯನ್ನು ತೆಳುವಾದ ಅಂಟಿನಲ್ಲಿ ಕಲಸಿ ಹಚ್ಚಬಹುದು. ಆದರೆ ಚೆನ್ನಾಗಿ ಒಣಗಿ ಉದುರದಂತಾದ ಮೇಲೆಯೇ ಮಸೂರವನ್ನು ಅದರೊಳಗಿಡಬೇಕು.

ಇನ್ನು ಕಾವಿನ ಮಾತು. ಅಲ್ಯೂಮಿನಿಯಂ ಲೋಹವು ಒಂದು ಡಿಗ್ರಿ ಕಾವಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೨೩ ಪಾಲು ಹಿಗ್ಗುತ್ತದೆ. ೨೦ ಸೆಂ.ಮೀ. ಉದ್ದದ ತೋಳು ಒಂದು ಡಿಗ್ರಿ ಕಾದರೆ ೪.೬ ಮೈಕ್ರೋಮೀಟರ್ ಉದ್ದವಾಗುತ್ತದೆ. ಇದು ಕ್ರಿಮಿಯ ಉದ್ದಕ್ಕಿಂತಲೂ ಹೆಚ್ಚು. ಹೀಗಾಗಿ ಮುಚ್ಚಿದ ಪೆಟ್ಟಿಗೆ ಕಾದಂತೆಲ್ಲ ನೋಟ ಮಸುಕಾಗುತ್ತ ಹೋಗುತ್ತದೆ. ಹಿಂದಿನ ಹಲಗೆಯ ಕೆಳಗೊಂದು, ಮೇಲೊಂದು ಗಾಳಿಕಂಡಿ ಇಟ್ಟು, ಪ್ರತಿಯೊಂದಕ್ಕೂ ಒಳಗಡೆ ಎರಡು ಸಲ ತಿರುಗುವ ರಟ್ಟಿನ ಓಣಿಯನ್ನು ಕಟ್ಟಬೇಕು. ಬೆಳಕು ನೇರವಾಗಿ ನಡೆಯುತ್ತದೆ, ಗಾಳಿ ತಿರುವಿನಲ್ಲಿಯೂ ಹಾಯುತ್ತದೆ. ಕಪ್ಪು ಓಣಿಯಲ್ಲಿ ಮೂರು ಸಲ ಬಡಿದ ಬೆಳಕಿನ ಗತಿಯನ್ನು ಮೇಲೆ ಲೆಕ್ಕ ಹಾಕಿಯಾಗಿದೆ. ಪಾದರಸದ ದೀಪವಿರುವ ಹಳೆಯ ಉಪಕರಣಕ್ಕೆ ಮಾತ್ರ ಇಂಥ ಪೆಟ್ಟಿಗೆಯನ್ನು ಹೊದಿಸಕೂಡದು. ಆ ದೀಪದ ಕಾವಿಗೆ ಅರಿವೆ, ರಟ್ಟು ಹೊತ್ತಿಕೊಳ್ಳಬಹುದು.

ಪೆಟ್ಟಿಗೆಯ ಪರೀಕ್ಷೆ

ಒಳಗೆ ಬರುವ ಬೆಳಕನ್ನು ಹುಡುಕುವುದಕ್ಕಿಂತ ಹೊರಗೆ ಹೋಗುವ ಬೆಳಕನ್ನು ಹುಡುಕುವುದು ಸುಲಭ. ರಾತ್ರಿ ಕೋಣೆಯ ದೀಪವಾರಿಸಿ, ಪೆಟ್ಟಿಗೆಯೊಳಗೆ ಟಾರ್ಚು ಹೊತ್ತಿಸಿಟ್ಟು ಸುತ್ತಲೂ ನೋಡಿದರೆ ಪ್ರತಿಯೊಂದು ಬಿರುಕೂ ಬೆಳ್ಳಿಯ ಗೆರೆಯಂತೆ ತೋರುತ್ತದೆ. ಬೆಳಕು ಹೊರಹೋಗುವ ದಾರಿಯೇ ಒಳಬರುವ ದಾರಿ. ಅಲ್ಲಲ್ಲಿ ಕರಿಯ ಪಟ್ಟಿ ಅಂಟಿಸಿದರಾಯಿತು.

ಅನಂತರ ಉಪಯೋಗದ ಪರೀಕ್ಷೆ. ಕಫವನ್ನಾಗಲಿ ರೋಗದ ಕ್ರಿಮಿಯನ್ನಾಗಲಿ ಕಾಲೇಜಿಗೆ ತರತಕ್ಕದ್ದಲ್ಲ. ಅದು ತರಬೇತಿ ಹೊಂದಿದವರ ಕೆಲಸ. ನಮಗೆ ಅಡಿಗೆಮನೆಯ ಅರಿಶಿನ ಸಾಕು. ಚಿಟಿಕೆ ಅರಿಶಿನವನ್ನು ಒಂದು ಹನಿ ಎಣ್ಣೆಯಲ್ಲಿ ಕದಡಿ ಪಟ್ಟಿಯ ಮೇಲಿಟ್ಟು, ಪಕ್ಕದಿಂದ ನೀಲಿ ಎಲ್.ಇ.ಡಿ. ಟಾರ್ಚನ್ನು ಹಾಯಿಸಿ, ನೇತ್ರಕದ ಮೇಲೆ ಹಳದಿ ಜೆಲಟಿನ್ ಕಾಗದವನ್ನಿಟ್ಟು ಕಡಿಮೆ ಹಿಗ್ಗುವಿಕೆಯಲ್ಲಿ ನೋಡಿದರೆ ಅದು ಹಸಿರು-ಹಳದಿಯಾಗಿ ಹೊಳೆಯುತ್ತದೆ. ದಾಸವಾಳದ ಪರಾಗವೂ ತನ್ನದೇ ಮಂದವಾದ ಹೊಳಪನ್ನು ತೋರುತ್ತದೆ. ಪಾಲಕದ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ತೆಗೆದ ಹಸಿರು ರಸ ನೀಲಿ ಬೆಳಕಿಗೆ ಕೆಂಪಾಗಿ ಬೆಳಗುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಇವನ್ನು ಪೆಟ್ಟಿಗೆಯಿಟ್ಟು ಒಮ್ಮೆ, ತೆಗೆದು ಒಮ್ಮೆ ನೋಡಿ, ಕಂಡ ಕಣಗಳನ್ನು ಎಣಿಸಿ ಬರೆದಿಟ್ಟರೆ ಪೆಟ್ಟಿಗೆಯ ಬೆಲೆ ಅಂಕಿಯಲ್ಲಿಯೇ ತಿಳಿಯುತ್ತದೆ. ನೀಲಿ ಟಾರ್ಚನ್ನು ನೇರವಾಗಿ ನೋಡಬಾರದು; ಕನ್ನಡಿಯಿಂದ ಸೂರ್ಯನನ್ನು ಸೂಕ್ಷ್ಮದರ್ಶಕದೊಳಗೆ ಹಿಡಿಯುವುದಂತೂ ಎಂದಿಗೂ ಕೂಡದು.

ಆಸ್ಪತ್ರೆಯಲ್ಲಿ ಈ ಕತ್ತಲೆಗೆ ಇನ್ನೊಂದು ಉಪಯೋಗವಿದೆ. ಆರಮಿನ್ ಬಣ್ಣವು ಬೆಳಕಿಗೆ ಮಾಸುತ್ತದೆ. ಬಣ್ಣ ಹಾಕಿದ ಪಟ್ಟಿಗಳನ್ನು ಮೇಜಿನ ಮೇಲೆ ಬಿಸಿಲಿಗೆ ಬಿಟ್ಟರೆ ಇದ್ದ ಕ್ರಿಮಿಯೂ ಇಲ್ಲದಂತಾಗುತ್ತದೆ. ಅವನ್ನು ಕತ್ತಲೆಯಲ್ಲಿಟ್ಟು ಆದಷ್ಟು ಬೇಗ ನೋಡಿ ಮುಗಿಸಬೇಕು.

ಇದು ಇನ್ನೂ ಬೇಕೇ?

ಈಗ ಅಣುಪರೀಕ್ಷೆಗಳು ಬಂದಿವೆಯಲ್ಲ ಎನ್ನಬಹುದು. ನಿಜ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಪರೀಕ್ಷೆಗೆ ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆತಿದೆ. ರೋಗವನ್ನು ಮೊದಲು ಕಂಡುಹಿಡಿಯಲು ಅಂಥ ಪರೀಕ್ಷೆಗಳೇ ಮೇಲು. ಏಕೆಂದರೆ ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ೫,೦೦೦ದಿಂದ ೧೦,೦೦೦ ಕ್ರಿಮಿಗಳಿರಬೇಕು. ಅಣುಪರೀಕ್ಷೆಗೆ ಅಷ್ಟು ಬೇಡ. ಆದರೆ ಆ ಪರೀಕ್ಷೆ ಸತ್ತ ಕ್ರಿಮಿಯ ಡಿ.ಎನ್.ಎ.ಯನ್ನೂ ಇದೆಯೆಂದೇ ತೋರಿಸುತ್ತದೆ. ಆದಕಾರಣ ಔಷಧ ಫಲಿಸುತ್ತಿದೆಯೇ ಎಂದು ತಿಳಿಯಲು ಸೂಕ್ಷ್ಮದರ್ಶಕದ ನೋಟ ಇನ್ನೂ ಬೇಕು. ಚಿಕಿತ್ಸೆ ನಡೆದಂತೆ ಕ್ರಿಮಿಗಳು ವಿರಳವಾಗುತ್ತವೆ. ವಿರಳವಾದಷ್ಟೂ ಅವುಗಳನ್ನು ಕಾಣಲು ಕತ್ತಲೆ ಒಳ್ಳೆಯದಿರಬೇಕು.

ಹುಲಸೂರಿನಂಥ ಊರುಗಳಿಗೆ ಉಪಕರಣಗಳು ಮೇಲಿನಿಂದ ಬರಬೇಕು, ತಜ್ಞರು ಹೊರಗಿನಿಂದ ಬರಬೇಕು. ಇವೆರಡೂ ನಮ್ಮ ಕೈಯಲ್ಲಿಲ್ಲ. ಆದರೆ ಬಂದ ಉಪಕರಣ ತನ್ನ ಪೂರ್ಣ ಶಕ್ತಿಯಿಂದ ಕೆಲಸ ಮಾಡುವಂತೆ ಅದರ ಸುತ್ತ ಏರ್ಪಾಡು ಮಾಡುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ರಟ್ಟು, ಅರಿವೆ, ಕರಿಯ ಬಣ್ಣ ಮತ್ತು ಎರಡು ದಿನದ ಶ್ರಮ. ಬಡಗಿಯ ಮಗನಿಗೂ ದರ್ಜಿಯ ಮಗಳಿಗೂ ಇದರಲ್ಲಿ ಪ್ರಾಧ್ಯಾಪಕರಿಗಿಂತ ಹೆಚ್ಚಿನ ಬುದ್ಧಿ ಓಡಬಹುದು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಇಂಥದೊಂದು ಪೆಟ್ಟಿಗೆಯನ್ನು ಕಟ್ಟಿ, ಅರಿಶಿನದ ಪರೀಕ್ಷೆಯಲ್ಲಿ ಅದು ಗೆದ್ದಮೇಲೆ, ಹಲಗೆಯಲ್ಲಿ ಇನ್ನೊಂದನ್ನು ಕಟ್ಟಿಸಿ ಆರೋಗ್ಯ ಕೇಂದ್ರದ ಪ್ರಯೋಗಶಾಲೆಯವರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಕೇಳಬಹುದು. ಸಹಪಾಠಿಗಳೂ ಗುರುಗಳೂ ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿಸಿ ಲೇಖನವನ್ನು ಮುಗಿಸುತ್ತೇನೆ.